ಇದೆ, ಆದರೆ ಸಿಗುತ್ತಿಲ್ಲ: ಪ್ಯಾಚ್‌ಗಳಲ್ಲಿ ಪದ ಹುಡುಕುವಾಗಿನ ದೋಷ ಪತ್ತೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರಿಂದ ಗುಮಾಸ್ತರು ಫೋನ್ ಮಾಡಿದಾಗ ಬೆಳಗಿನ ಹನ್ನೊಂದು ಗಂಟೆ. "ಮೇಡಂ, ನಿಮ್ಮ ಕಂಪ್ಯೂಟರ್ ನಿನ್ನೆಯಿಂದ ಗೋಣಿಚೀಲವನ್ನೂ ಮೆಕ್ಕೆಜೋಳದ ಬೆಲೆಗೆ ಮಾರುತ್ತಿದೆ" ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಪಟ್ಟಿ ತರಿಸಿ ನೋಡಿದೆ. ನೂರು ಚೀಲದ ಲಾಟಿಗೆ ಚೀಲವೊಂದಕ್ಕೆ 0.6 ಕಿಲೋ ಲೆಕ್ಕದಲ್ಲಿ 60 ಕಿಲೋ ಕಳೆಯಬೇಕಿತ್ತು. ಒಂದು ಗ್ರಾಂ ಕೂಡ ಕಳೆದಿರಲಿಲ್ಲ.

ನಮ್ಮದು ಇಂಥ ಅಂಗಡಿಗಳ ಲೆಕ್ಕದ ತಂತ್ರಾಂಶ ಬರೆಯುವ ಸಣ್ಣ ಕಚೇರಿ. ಎಲ್ಲ ಅಂಗಡಿಗಳಿಗೂ ಮೂಲ ಕೋಡ್ ಒಂದೇ. ಅಂಗಡಿಯಿಂದ ಅಂಗಡಿಗೆ ಬೇರೆಯಾಗುವ ಪದ್ಧತಿಗಳನ್ನು ಪ್ಯಾಚ್‌ಗಳಾಗಿ, ಅಂದರೆ ಮೂಲದಲ್ಲಿ ಯಾವ ಸಾಲು ತೆಗೆಯಬೇಕು, ಯಾವುದು ಸೇರಿಸಬೇಕು ಎಂದು ಹೇಳುವ ಕಡತಗಳಾಗಿ, ಅಂಗಡಿಗೊಂದು, ಎಲ್ಲರಿಗೂ ಸೇರಿ ಒಂದು ಎಂಬಂತೆ ಫೋಲ್ಡರುಗಳಲ್ಲಿ ಇಟ್ಟಿದ್ದೇವೆ; ರಾತ್ರಿ ಅವು ಮೂಲದ ಮೇಲೆ ಕೂರುತ್ತವೆ. ಮುನ್ನೂರಕ್ಕೂ ಹೆಚ್ಚು ಪ್ಯಾಚ್‌ಗಳಿವೆ. ಇದು ಒಳ್ಳೆಯ ಪದ್ಧತಿಯೇ ಎಂದು ಕೇಳಬೇಡಿ. ಮೊದಲ ಹತ್ತು ಅಂಗಡಿಗಳಿದ್ದಾಗ ಒಳ್ಳೆಯದೇ ಆಗಿತ್ತು. ಯಾವುದೋ ಪ್ಯಾಚ್ ಚೀಲದ ತೂಕದ ಸಾಲನ್ನು ಕಿತ್ತು ಹಾಕಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ‘ಚೀಲ’ ಎಂಬ ಪದವಿರುವ ಸಾಲನ್ನು ತೆಗೆದ ಪ್ಯಾಚ್ ಯಾವುದು ಎಂದು ಹುಡುಕಲು ಕಿರಿಯ ಸಹೋದ್ಯೋಗಿಗೆ ಹೇಳಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಅಕ್ಕ, ಯಾವ ಪ್ಯಾಚಿನಲ್ಲೂ ಇಲ್ಲ."

ಆ ‘ಇಲ್ಲ’ವನ್ನು ನಂಬಿ ಅರ್ಧ ದಿನ ಕಳೆದೆವು. ತೂಕದ ಯಂತ್ರ, ಡೇಟಾಬೇಸ್, ಮುದ್ರಣದ ನಮೂನೆ, ಎಲ್ಲವನ್ನೂ ಬಿಚ್ಚಿ ನೋಡಿದೆವು. ಸಾಲು ಪ್ಯಾಚಿನಲ್ಲೇ ಇತ್ತು. ಹಾಗೆ ಕಣ್ಣೆದುರಿಗಿದ್ದೂ ಸಿಗದಿರಲು ಏನೇನು ಕಾರಣಗಳಿರಬಹುದು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಬರೆದಿಡುತ್ತಿದ್ದೇನೆ. ಕೆಲವು ಆ ದಿನ ಕಂಡವು, ಕೆಲವು ಬೇರೆ ದಿನಗಳಲ್ಲಿ ತಲೆ ತಿಂದವು. ಆಜ್ಞೆಗಳನ್ನೂ ಆಯ್ಕೆಗಳನ್ನೂ ಕನ್ನಡ ಲಿಪಿಯಲ್ಲಿ, ಉಚ್ಚರಿಸುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಮುಖ್ಯವಾಗುವ ಕಡೆ ಹಾಗೆಂದೇ ಹೇಳಿದ್ದೇನೆ.

ಪ್ಯಾಚ್ ಓದುವ ಬಗೆ

ಗೊತ್ತಿರುವವರು ಇದನ್ನು ಹಾರಿಸಬಹುದು, ಆದರೆ ಕೆಳಗಿನ ಉದಾಹರಣೆಯನ್ನು ಒಮ್ಮೆ ನೋಡಿಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮ ಅಪರಾಧಿ ಇದೇ.

--- ಎ/ತೂಕ.ಎಸ್‌ಕ್ಯೂಎಲ್
+++ ಬಿ/ತೂಕ.ಎಸ್‌ಕ್ಯೂಎಲ್
@@ -41,8 +41,6 @@
 (12, 5),
 -- ಗಾಡಿ ಬಾಡಿಗೆ
 (13, 0),
--- ಚೀಲದ ತೂಕ, ಕಿಲೋ
-(14, 0.6),
 -- ತೇವಾಂಶ, ಶೇಕಡಾ
 (15, 14),
 -- ದುಂಡಗೆ

ಮೊದಲೆರಡು ಸಾಲುಗಳು ಕಡತದ ಹೆಸರು. ಎರಡು ಅಟ್ ಚಿಹ್ನೆಗಳಿಂದ ಆರಂಭವಾಗುವ ಸಾಲಿನಿಂದ ಒಂದು ‘ಹಂಕ್’ ಶುರುವಾಗುತ್ತದೆ. ಹಳೆಯ ಕಡತದಲ್ಲಿ 41ನೇ ಸಾಲಿನಿಂದ 8 ಸಾಲು ಇದ್ದದ್ದು ಹೊಸದರಲ್ಲಿ 6 ಆಗಿದೆ ಎಂದು ಅದು ಹೇಳುತ್ತದೆ. ಅದರ ಕೆಳಗಿನ ಪ್ರತಿ ಸಾಲಿನ ಮೊದಲ ಅಕ್ಷರ ಚಿಹ್ನೆ ಮಾತ್ರ, ಕೋಡಿನ ಭಾಗವಲ್ಲ: ಕಳೆಯುವ ಚಿಹ್ನೆ ಇದ್ದರೆ ತೆಗೆದದ್ದು, ಕೂಡುವ ಚಿಹ್ನೆ ಇದ್ದರೆ ಸೇರಿಸಿದ್ದು, ಖಾಲಿ ಜಾಗವಿದ್ದರೆ ಅಕ್ಕಪಕ್ಕ ತೋರಿಸಲು ಬಂದ ಮುಟ್ಟದ ಸಾಲು.

ಇದನ್ನು ಹುಡುಕಲು ನಾವು ಬಳಸುವುದು ಎರಡು ಸಾಧನಗಳು. ಒಂದು ಗ್ರೆಪ್, ಕೆನ್ ಥಾಂಪ್ಸನ್ 1973ರ ಹೊತ್ತಿಗೆ ಯುನಿಕ್ಸ್‌ಗೆ ಬರೆದದ್ದು, ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದ್ದೇ ಇರುತ್ತದೆ. ಅದಕ್ಕೆ ಪ್ಯಾಚ್ ಎಂದರೇನು ಎಂದು ಗೊತ್ತಿಲ್ಲ. ಕಿರಾಣಿ ಅಂಗಡಿಯ ಚೀಟಿಯನ್ನೂ ಪ್ಯಾಚನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಇನ್ನೊಂದು ಪ್ಯಾಚ್‌ಯುಟಿಲ್ಸ್ ಎಂಬ ಕಟ್ಟಿನಲ್ಲಿ ಬರುವ ಗ್ರೆಪ್‌ಡಿಫ್. ಅದು ಹಂಕ್‌ಗಳ ಎಣಿಕೆಯನ್ನು ಅನುಸರಿಸಿ ಓದುತ್ತದೆ, ಹಾಗಾಗಿ ಯಾವುದು ತೆಗೆದ ಸಾಲು, ಯಾವುದು ಸೇರಿಸಿದ ಸಾಲು ಎಂಬ ವಿವೇಚನೆ ಅದಕ್ಕಿದೆ.

ಮೊದಲು ‘ಇಲ್ಲ’ವನ್ನೇ ಪರೀಕ್ಷಿಸಿ

ಹುಡುಕಾಟ ಖಾಲಿ ಬಂದರೆ ಎರಡು ಅರ್ಥ: ಪದ ನಿಜವಾಗಿಯೂ ಇಲ್ಲ, ಅಥವಾ ನೋಡಲು ಆಗಲಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗ್ರೆಪ್ ಮುಗಿದ ಕೂಡಲೇ ‘ಎಕೋ $?’ ಎಂದು ಕೇಳಿದರೆ ಅದು ಬಿಟ್ಟುಹೋದ ಸಂಖ್ಯೆ ಸಿಗುತ್ತದೆ. 0 ಎಂದರೆ ಸಿಕ್ಕಿತು, 1 ಎಂದರೆ ಸಿಗಲಿಲ್ಲ, 2 ಎಂದರೆ ಏನೋ ಎಡವಟ್ಟಾಗಿದೆ. ಕಡತ ತೆರೆಯಲು ಅನುಮತಿ ಇಲ್ಲದಿರಬಹುದು, ಹುಡುಕಲು ಕೊಟ್ಟ ವಿನ್ಯಾಸ (ಪ್ಯಾಟರ್ನ್) ತಪ್ಪಿರಬಹುದು. ಕಿರಿಯ ಓಡಿಸಿದ ನಮ್ಮ ಹುಡುಕಾಟದ ಸ್ಕ್ರಿಪ್ಟ್ ದೋಷ ಸಂದೇಶಗಳನ್ನೆಲ್ಲ ಕಸದ ಬುಟ್ಟಿಗೆ ಕಳಿಸುತ್ತಿತ್ತು. ಪರದೆ ಅಚ್ಚುಕಟ್ಟಾಗಿರಲಿ ಎಂದು ನಾನೇ ಹಾಗೆ ಬರೆದಿದ್ದೆ. ಒಂದರ ಫಲಿತಾಂಶ ಇನ್ನೊಂದಕ್ಕೆ ಹೋಗುವಂತೆ ಆಜ್ಞೆಗಳನ್ನು ಪೈಪಿನಿಂದ ಜೋಡಿಸಿದ್ದರೆ ಆ ಸಂಖ್ಯೆ ಕೊನೆಯ ಆಜ್ಞೆಯದ್ದು ಮಾತ್ರ ಎಂಬುದೂ ನೆನಪಿರಲಿ.

ಆದರೆ ಸಂಖ್ಯೆ 1 ಬಂದರೂ ನಂಬುವಂತಿಲ್ಲ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ: ಎಲ್ಲ ಪ್ಯಾಚಿನಲ್ಲೂ ಇರಲೇಬೇಕಾದದ್ದನ್ನು ಹುಡುಕಿ, ಅದು ಸಿಗದ ಕಡತಗಳ ಪಟ್ಟಿ ಕೇಳಿ.

ಗ್ರೆಪ್ -ಎಲ್ '^@@' *.ಪ್ಯಾಚ್

ಇಲ್ಲಿ ^ ಎಂದರೆ ಸಾಲಿನ ಆರಂಭ. ಎಲ್ ದೊಡ್ಡಕ್ಷರ. ಚಿಕ್ಕ ಎಲ್ ಸಿಕ್ಕ ಕಡತಗಳನ್ನು ಹೇಳುತ್ತದೆ, ದೊಡ್ಡ ಎಲ್ ಸಿಗದವನ್ನು. ಹಂಕ್ ಇಲ್ಲದ ಪ್ಯಾಚ್ ಅಪರೂಪ. ಕಡತದ ಹೆಸರನ್ನಷ್ಟೇ ಬದಲಿಸಿದ್ದರೆ ಇಲ್ಲದಿರಬಹುದು, ಚಿತ್ರದಂಥ ಬೈನರಿ ಕಡತವಾದರೆ ಇಲ್ಲದಿರಬಹುದು. ಉಳಿದಂತೆ ಈ ಪಟ್ಟಿಯಲ್ಲಿ ಬಂದ ಪ್ರತಿ ಹೆಸರೂ ಅನುಮಾನಾಸ್ಪದ. ನಮ್ಮ ಫೋಲ್ಡರಿನಲ್ಲಿ ನಾಲ್ಕು ಹೆಸರು ಬಂದವು. ಎರಡು ಬರೀ ಹೆಸರು ಬದಲಾವಣೆ, ಅವು ಸರಿ. ಉಳಿದೆರಡು ವರ್ಷದಿಂದ ನಮ್ಮ ಸ್ಕ್ರಿಪ್ಟಿನ ಯಾವ ಹುಡುಕಾಟಕ್ಕೂ ಸಿಕ್ಕದೆ ಕೂತಿದ್ದವು.

ಕಡತದ ದೋಷಗಳು

ಅನುಮಾನವಿರುವ ಕಡತಕ್ಕೆ ಮೊದಲು ‘ಫೈಲ್’ ಆಜ್ಞೆ ಕೊಡಿ, ಆಮೇಲೆ ‘ಕ್ಯಾಟ್ -ಎ’ ಕೊಟ್ಟು ಮೊದಲ ಹತ್ತು ಸಾಲು ನೋಡಿ (ಎ ದೊಡ್ಡಕ್ಷರ). ಕಾಣದ ಚಿಹ್ನೆಗಳೆಲ್ಲ ಕಾಣಿಸಿಕೊಳ್ಳುತ್ತವೆ. ಕನ್ನಡವೂ ಗುರುತು ಸಿಗದಷ್ಟು ಕಲಸಿಹೋಗುತ್ತದೆ, ಗಾಬರಿಯಾಗಬೇಡಿ.

ನಮ್ಮ ಎರಡರಲ್ಲಿ ಒಂದು ಚಿತ್ರದುರ್ಗದಲ್ಲಿ ಕೂತು ಕೆಲಸ ಮಾಡುವ ಹುಡುಗ ವಿಂಡೋಸ್ ಯಂತ್ರದಿಂದ ಕಳಿಸಿದ್ದು. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಗಿಟ್ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ಕೊಡುವ ಗಿಟ್ ಡಿಫ್‌ನ ಫಲಿತಾಂಶವನ್ನು ಬಾಣದ ಚಿಹ್ನೆಯಿಂದ ಕಡತಕ್ಕೆ ತಿರುಗಿಸಿದರೆ ಅದು ಯುಟಿಎಫ್-16ರಲ್ಲಿ ಬರೆಯುತ್ತದೆ; ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಒಂದು ಪದ್ಧತಿ (ಎನ್‌ಕೋಡಿಂಗ್) ಅದು. ಪ್ರತಿ ಇಂಗ್ಲಿಷ್ ಅಕ್ಷರದ ಜೊತೆಗೂ ಒಂದು ಸೊನ್ನೆ ಬೈಟ್ ಸೇರಿಕೊಳ್ಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗ್ರೆಪ್‌ಗೆ ಅಕ್ಷರಗಳ ನಡುವೆ ನಡುವೆ ಸೊನ್ನೆಗಳು ಕಾಣುತ್ತವೆ, ಹಾಗಾಗಿ ಪದವೇ ಇಲ್ಲ. ‘ಐಕಾನ್ವ್’ ಬಳಸಿ ಯುಟಿಎಫ್-8ಕ್ಕೆ ತಿರುಗಿಸಬಹುದು. ಇಂಗ್ಲಿಷ್ ಮಾತ್ರ ಇದ್ದ ಪ್ಯಾಚ್‌ಗೆ ಅಷ್ಟು ಸಾಕು. ಕನ್ನಡ ಇದ್ದರೆ ಸಾಲದು, ಏಕೆಂದರೆ ಪವರ್‌ಶೆಲ್ ಗಿಟ್‌ನಿಂದ ಬಂದ ಬೈಟ್‌ಗಳನ್ನು ಕನ್ಸೋಲಿನ ಎನ್‌ಕೋಡಿಂಗ್‌ನಲ್ಲಿ ಓದಿ, ಆಮೇಲೆ ಬರೆಯುತ್ತದೆ. ಕನ್ನಡ ಕೆಡುವುದು ಆ ಓದಿನಲ್ಲೇ. ಕೆಟ್ಟ ಮೇಲೆ ತಿರುಗಿಸಿ ಪ್ರಯೋಜನವಿಲ್ಲ. ಪ್ಯಾಚನ್ನೇ ಮತ್ತೆ ತೆಗೆಸಬೇಕು. ಬಾಣ ಬಿಟ್ಟು ‘ಗಿಟ್ ಡಿಫ್ --ಔಟ್‌ಪುಟ್=ಕಡತ’ ಅಥವಾ ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ ಬಳಸಿದರೆ ಕಡತವನ್ನು ಗಿಟ್ ತಾನೇ ಬರೆಯುತ್ತದೆ, ಪವರ್‌ಶೆಲ್ ನಡುವೆ ಕೈ ಹಾಕುವುದಿಲ್ಲ.

ಇನ್ನೊಂದು ಪ್ಯಾಚ್ ಬಣ್ಣ ಬಳಿದುಕೊಂಡಿತ್ತು. ಯಾರೋ ಗಿಟ್‌ನ ಸಂರಚನೆಯಲ್ಲಿ ಬಣ್ಣವನ್ನು ‘ಸದಾ’ ಎಂದು ಇಟ್ಟಿದ್ದರು. ಆಗ ಕೆಂಪು, ಹಸಿರು ಮಾಡುವ ಗುಪ್ತ ಸಂಕೇತಗಳೂ ಕಡತದೊಳಗೆ ಬಂದು ಕೂರುತ್ತವೆ. ಪದ ಹುಡುಕಿದರೆ ಸಿಗುತ್ತದೆ. ಸಾಲಿನ ಆರಂಭದಿಂದ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಸಾಲು ಈಗ ಕೂಡುವ ಚಿಹ್ನೆಯಿಂದಲ್ಲ, ಬಣ್ಣದ ಸಂಕೇತದಿಂದ ಆರಂಭವಾಗುತ್ತದೆ. ಮದ್ದು: ‘--ನೋ-ಕಲರ್’.

ಅಟ್ ಪರೀಕ್ಷೆಯಲ್ಲಿ ಪಾಸಾಗಿಯೂ ಕೈಕೊಡುವ ಕಡತಗಳು ಎರಡು ಬಗೆ. ವಿಂಡೋಸ್‌ನ ಸಾಲಿನ ಕೊನೆಯಲ್ಲಿ ಒಂದು ಹೆಚ್ಚುವರಿ ಚಿಹ್ನೆ ಇರುತ್ತದೆ; ನೀವು ಡಾಲರ್ ಚಿಹ್ನೆ ಹಾಕಿ ‘ಸಾಲು ಅಲ್ಪವಿರಾಮದಿಂದ ಮುಗಿಯಬೇಕು’ ಎಂದು ಕೇಳಿದರೆ ಅದು ನಡುವೆ ಬರುತ್ತದೆ. ‘ಕ್ಯಾಟ್ -ಎ’ಯಲ್ಲಿ ಡಾಲರಿನ ಹಿಂದೆ ಅದು ಕಂಡೇ ಕಾಣುತ್ತದೆ. ಇನ್ನೊಂದು, ಇಮೇಲ್‌ನಲ್ಲಿ ಬಂದ ಪ್ಯಾಚನ್ನು ಹಾಗೇ ಉಳಿಸಿದ್ದು. ಕನ್ನಡವಿರುವ ಮೇಲ್ ಅನೇಕ ಸಲ ‘ಕೋಟೆಡ್-ಪ್ರಿಂಟಬಲ್’ ರೂಪದಲ್ಲಿ ಸಾಗುತ್ತದೆ. ಅಲ್ಲಿ ಕನ್ನಡದ ಒಂದೊಂದು ಬೈಟೂ ಸಮ ಚಿಹ್ನೆ ಮತ್ತು ಎರಡು ಅಂಕೆಗಳಾಗುತ್ತದೆ. ಕನ್ನಡದ ಒಂದು ಸಂಕೇತ ಮೂರು ಬೈಟ್, ಅಂದರೆ ಒಂಬತ್ತು ಅಕ್ಷರ. ಸಾಲಿನ ಮಿತಿ 76 ಅಕ್ಷರ. ಕನ್ನಡ ಬಂದರೆ ಎಂಟಕ್ಕೇ ಸಾಲು ಮುರಿಯುತ್ತದೆ. ಕೋಡಿನಲ್ಲಿರುವ ಸಮ ಚಿಹ್ನೆ ಕೂಡ ವೇಷ ಮರೆಸುತ್ತದೆ. ‘ಗಿಟ್ ಮೇಲ್‌ಇನ್ಫೋ’ ಎಂಬ ಆಜ್ಞೆ ಅಂಥ ಮೇಲನ್ನು ಬಿಡಿಸಿ ಸಂದೇಶವನ್ನೂ ಪ್ಯಾಚನ್ನೂ ಬೇರೆ ಬೇರೆ ಕಡತಗಳಿಗೆ ಇಳಿಸಿಕೊಡುತ್ತದೆ. ಅದಾದ ಮೇಲೆ ಹುಡುಕಿ.

ವಿನ್ಯಾಸದ ದೋಷಗಳು

ಗ್ರೆಪ್‌ನಲ್ಲಿ ಚಿಕ್ಕ ಐ ಎಂದರೆ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಬಿಡು ಎಂದು. ಕೈಗೆ ಅಭ್ಯಾಸವಾಗಿರುತ್ತದೆ. ಗ್ರೆಪ್‌ಡಿಫ್‌ನಲ್ಲಿ ಅದೇ ಚಿಕ್ಕ ಐ ಎಂದರೆ ‘ಮುಂದೆ ಬರುವ ಹೆಸರಿನ ಕಡತಗಳನ್ನು ಮಾತ್ರ ನೋಡು’ ಎಂದು. ಹಾಗಾಗಿ ‘ಗ್ರೆಪ್‌ಡಿಫ್ -ಐ ಹಮಾಲಿ’ ಎಂದು ಹೊಡೆದರೆ, ಅದು ಹಮಾಲಿ ಎಂಬ ಹೆಸರಿನ ಕಡತಕ್ಕೆ ಕಾಯುತ್ತದೆ. ಮುಂದಿರುವ ಪ್ಯಾಚಿನ ಹೆಸರನ್ನು ಹುಡುಕುವ ಪದ ಎಂದು ತಿಳಿಯುತ್ತದೆ. ಪ್ಯಾಚ್ ಎಲ್ಲಿ ಎಂದು ಕೀಬೋರ್ಡಿನ ಕಡೆ ಮುಖ ಮಾಡಿ ಕೂರುತ್ತದೆ. ನೀವು ಕಾಯುತ್ತೀರಿ, ಅದೂ ಕಾಯುತ್ತದೆ. ನಾನು ಒಮ್ಮೆ ಚಹಾ ಕುಡಿದು ಬಂದೆ.

ಇನ್ನು ಪ್ರಶ್ನಾರ್ಥಕ ಚಿಹ್ನೆಯ ಕಥೆ. ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ಒಂದು ಎ ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಹಳೆಯ ಕೋಡಿನಲ್ಲಿ ಎರಡೂ ಇವೆ. ಎರಡನ್ನೂ ಹಿಡಿಯಲು ಆ ಎ ಆದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ರೂಢಿ: ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಗ್ರೆಪ್‌ಗೂ ಗ್ರೆಪ್‌ಡಿಫ್‌ಗೂ ಮೂಲತಃ ಬರುವುದು ‘ಸರಳ’ ಭಾಷೆ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಎಂದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಊರಿನ ಹೆಸರಿನ ನಡುವೆ ಪ್ರಶ್ನೆ ಇರುವ ಸಾಲು ಯಾರ ಕೋಡಿನಲ್ಲಿ ಸಿಗುತ್ತದೆ? ದೊಡ್ಡ ಇ ಕೊಟ್ಟರೆ ‘ವಿಸ್ತೃತ’ ಭಾಷೆಗೆ ಬದಲಾಗುತ್ತದೆ, ಎರಡು ಸಾಧನಗಳಲ್ಲೂ. ಹಾಗೆ ಬದಲಾದಾಗ ಕೂಡುವ ಚಿಹ್ನೆಯ ಅರ್ಥವೂ ಬದಲಾಗುತ್ತದೆ ಎಂಬುದು ಪ್ಯಾಚ್ ಹುಡುಕುವವರಿಗೆ ವಿಶೇಷ ತಲೆನೋವು. ನಾನು ಕೂಡುವ ಚಿಹ್ನೆಯನ್ನು ಯಾವಾಗಲೂ ಚೌಕ ಆವರಣದೊಳಗೆ, ‘^[+]’ ಎಂದೇ ಬರೆಯುತ್ತೇನೆ. ಎರಡೂ ಭಾಷೆಗಳಲ್ಲಿ ಅದರ ಅರ್ಥ ಒಂದೇ.

ಹುಡುಕುವ ಪದ ಕಳೆಯುವ ಚಿಹ್ನೆಯಿಂದ ಆರಂಭವಾದರೆ ಗ್ರೆಪ್ ಅದನ್ನು ಆಯ್ಕೆ ಎಂದುಕೊಳ್ಳುತ್ತದೆ. ಪದದ ಹಿಂದೆ ಚಿಕ್ಕ ‘-ಇ’ ಹಾಕಿ. ಪದದಲ್ಲಿ ಚುಕ್ಕಿ, ಆವರಣ ಇದ್ದು ಅವು ಹಾಗೆಯೇ ಇರಲಿ ಎಂದರೆ ದೊಡ್ಡ ‘-ಎಫ್’. 0.6 ಎಂದು ಬರಿದೇ ಹುಡುಕಿದರೆ 0ಕ್ಕೂ 6ಕ್ಕೂ ನಡುವೆ ಯಾವ ಒಂದು ಅಕ್ಷರವಿದ್ದರೂ ಬರುತ್ತದೆ. ಅದಕ್ಕೂ ‘-ಎಫ್’ ಬೇಕು.

ಕನ್ನಡದ ದೋಷಗಳು

ಕನ್ನಡ ಟಿಪ್ಪಣಿ, ಕನ್ನಡ ಸಂದೇಶ, ಕನ್ನಡ ಕಡತದ ಹೆಸರು ಇಟ್ಟುಕೊಂಡು ಕೆಲಸ ಮಾಡುವವರಿಗೆ ಮಾತ್ರ ಬರುವ ಕಾಟಗಳಿವು. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ನಾನು ನೋಡಿಲ್ಲ.

‘ಚೀಲ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಮೂರು ಸಂಕೇತ: ಚ, ಈಕಾರದ ಗುರುತು, ಲ. ಆದರೆ ಈಕಾರದ ಗುರುತನ್ನು ಇನ್ನೊಂದು ಬಗೆಯಲ್ಲೂ ಬರೆಯಬಹುದು: ಗುಡಿಸು ಒಂದು ಸಂಕೇತ, ಅದರ ಮುಂದಿನ ದೀರ್ಘ ಇನ್ನೊಂದು. ಆಗ ಪದ ನಾಲ್ಕು ಸಂಕೇತ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗ್ರೆಪ್‌ಗೆ ಎರಡೂ ಬೇರೆ ಬೇರೆ ಪದ. ‘ಜೋಳ’ದ ಓಕಾರ ಇನ್ನೂ ಮೋಜು, ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಒಡೆದೂ ಬರಬಹುದು. ನಮ್ಮಲ್ಲಿ ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಇಂಥವು ಕೆಲವು ಬಂದು ಸೇರಿದ್ದವು. ಐಸಿಯು ಎಂಬ ಯೂನಿಕೋಡ್ ಸಾಧನಗಳ ಕಟ್ಟಿನಲ್ಲಿ ಬರುವ ‘ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ’ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಪ್ಯಾಚಿನ ನಕಲಿನ ಮೇಲೆ ಮಾತ್ರ ಇದನ್ನು ಮಾಡಿ, ಮೂಲದ ಮೇಲೆ ಮಾಡಬೇಡಿ. ಮೂಲ ಕಡತದಲ್ಲಿ ಒಡೆದ ರೂಪವೇ ಇದ್ದರೆ, ತಿದ್ದಿದ ಪ್ಯಾಚ್ ಅದರ ಮೇಲೆ ಕೂರುವುದಿಲ್ಲ.

ಎರಡನೆಯದು, ಕಾಣದ ಬೇಲಿ. ‘ಪ್ಯಾಚ್‌ಗಳು’ ಎಂದು ಸರಿಯಾಗಿ ಮೂಡಿಸಲು ಅರ್ಧ ಚಕಾರದ ನಂತರ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಇಡದಿದ್ದರೆ ಗ ಒತ್ತಾಗಿ ಚಕಾರದ ಕೆಳಗೆ ಇಳಿಯುತ್ತದೆ. ಕೆಲವರು ಇಡುತ್ತಾರೆ, ಕೆಲವರು ಇಡುವುದಿಲ್ಲ, ಕೆಲವರ ಕೀಬೋರ್ಡ್ ತಾನಾಗಿ ಇಡುತ್ತದೆ. ಮೇಲಿನ ಯುಕಾನ್ವ್ ಇದನ್ನು ತೆಗೆಯುವುದಿಲ್ಲ. ಅನುಮಾನವಿದ್ದರೆ ಪೂರ್ತಿ ಪದ ಬಿಟ್ಟು ಬೇಲಿಯ ಹಿಂದಿನ ಭಾಗವನ್ನಷ್ಟೇ ಹುಡುಕಿ. ನಾನು ಕನ್ನಡ ಪದಗಳನ್ನು ಹುಡುಕುವಾಗ ಪ್ರತ್ಯಯವನ್ನೂ ಬಿಡುತ್ತೇನೆ. ‘ಚೀಲ’ ಎಂದರೆ ಚೀಲದ, ಚೀಲಕ್ಕೆ, ಚೀಲವೊಂದಕ್ಕೆ ಎಲ್ಲವೂ ಬರುತ್ತವೆ.

ಯೂನಿಕೋಡ್‌ಗೆ ತಿರುಗಿಸದ ನುಡಿ ಅಥವಾ ಬರಹ ಕಡತಗಳಾದರೆ ಪರಿಸ್ಥಿತಿಯೇ ಬೇರೆ. ಅಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ. ಕಡತದಲ್ಲಿರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಚಿಹ್ನೆಗಳ ಚೆಲ್ಲಾಪಿಲ್ಲಿ. ಪರಿವರ್ತಕದಲ್ಲಿ ನಿಮ್ಮ ಪದವನ್ನು ಆ ರೂಪಕ್ಕೆ ತಿರುಗಿಸಿ, ಬಂದದ್ದನ್ನು ‘-ಎಫ್’ ಹಾಕಿ ಹುಡುಕುವುದೊಂದೇ ದಾರಿ.

ಮೂರನೆಯದು ಗಿಟ್‌ನ ಮರ್ಯಾದೆ. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಪ್ಯಾಚಿನಲ್ಲಿ ಹಾಗೇ ಬರೆಯದೆ, ಉದ್ಧರಣ ಚಿಹ್ನೆಯೊಳಗೆ ಓರೆಗೆರೆ ಮತ್ತು ಸಂಖ್ಯೆಗಳಾಗಿ ಬರೆಯುತ್ತದೆ. ‘ಚ’ ಎಂಬುದು \340\262\232 ಆಗುತ್ತದೆ. 340ರ ಮುಂದೆ 262 ಅಥವಾ 263 ಮತ್ತೆ ಮತ್ತೆ ಬರುವ ಸಾಲು ಕಂಡರೆ ಅದು ಕನ್ನಡವೇ ಎಂದು ತಿಳಿಯಿರಿ. ‘ಕೋರ್.ಕೋಟ್‌ಪಾತ್’ ಎಂಬ ಸಂರಚನೆಯನ್ನು ‘ಫಾಲ್ಸ್’ ಮಾಡಿದರೆ ಮುಂದಿನ ಪ್ಯಾಚ್‌ಗಳಲ್ಲಿ ಹೆಸರು ಕನ್ನಡದಲ್ಲೇ ಬರುತ್ತದೆ. ಹಳೆಯವು ಹಾಗೇ ಇರುತ್ತವೆ.

ಇನ್ನೊಂದು, ಕೈಯಿಂದ ಓಡಿಸಿದರೆ ಸಿಗುವುದು ರಾತ್ರಿ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸದಲ್ಲಿ ಸಿಗದಿರುವುದು. ಕ್ರಾನ್‌ಗೆ ನಿಮ್ಮ ಭಾಷೆಯ ಸಂರಚನೆ ತಿಳಿಯದಿದ್ದರೆ ಅದು ‘ಸಿ’ ಲೊಕೇಲ್ ಎಂಬ ಮೂಲ ಭಾಷಾ ಸಂರಚನೆಯಲ್ಲಿ ಓಡುತ್ತದೆ. ಅಲ್ಲಿ ಚುಕ್ಕಿಗೆ ಒಂದು ಅಕ್ಷರವಲ್ಲ, ಒಂದು ಬೈಟ್ ಎಂದರ್ಥ. ‘ಚ.ಲ’ ಎಂದು ಹುಡುಕಿದರೆ ನಿಮ್ಮ ಟರ್ಮಿನಲ್‌ನಲ್ಲಿ ಚೀಲ ಸಿಗುತ್ತದೆ, ಕ್ರಾನ್‌ನಲ್ಲಿ ಸಿಗುವುದಿಲ್ಲ.

ಮೂರು ಗೀಟುಗಳು

ಇಷ್ಟೆಲ್ಲ ಪರೀಕ್ಷಿಸಿದರೂ ಆ ದಿನ ನಮ್ಮ ‘ಚೀಲ’ ಸಿಕ್ಕಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಸ್ಕ್ರಿಪ್ಟ್ ಬಿಟ್ಟು ಬರಿಯ ಗ್ರೆಪ್ ಹೊಡೆದು ನೋಡೋಣ ಎನಿಸಿತು. 47 ಸಾಲು ಬಂದವು. ಬಹುಪಾಲು ಮುಟ್ಟದ ಸಾಲುಗಳೇ, ಆದರೆ ಬಂದವು. ಇದನ್ನು ಬೆಳಗ್ಗೆಯೇ ಮಾಡಬೇಕಿತ್ತು. ಸ್ಕ್ರಿಪ್ಟಿನ ಹಂತಗಳನ್ನು ಒಂದೊಂದಾಗಿ ಕಳಚುತ್ತ ಹೋದೆ. ಮೊದಲ ಹಂತ ಹೀಗಿತ್ತು:

ಗ್ರೆಪ್ -ವಿ -ಇ '^---' -ಇ '^+++'

ಕಡತದ ಹೆಸರಿರುವ ತಲೆಸಾಲುಗಳನ್ನು ತೆಗೆದುಹಾಕಿ, ಉಳಿದದ್ದರಲ್ಲಿ ಕಳೆಯುವ ಚಿಹ್ನೆಯ ಸಾಲುಗಳನ್ನು ಹುಡುಕು ಎಂಬ ಲೆಕ್ಕಾಚಾರ. ಎಷ್ಟೋ ಜನ ಹೀಗೇ ಬರೆಯುತ್ತಾರೆ. ಈಗ ಮೇಲಿನ ಪ್ಯಾಚನ್ನು ಮತ್ತೆ ನೋಡಿ. ಎಸ್‌ಕ್ಯೂಎಲ್‌ನಲ್ಲಿ ಟಿಪ್ಪಣಿ ಆರಂಭವಾಗುವುದು ಎರಡು ಗೀಟುಗಳಿಂದ. ಆ ಟಿಪ್ಪಣಿಯನ್ನು ಯಾರಾದರೂ ಅಳಿಸಿದರೆ ಪ್ಯಾಚ್ ಆ ಸಾಲಿನ ಆರಂಭದಲ್ಲಿ ಇನ್ನೊಂದು ಗೀಟು ಹಾಕುತ್ತದೆ. ಎರಡು ಮತ್ತೊಂದು ಮೂರು. ‘ಚೀಲದ ತೂಕ, ಕಿಲೋ’ ಎಂಬ ಟಿಪ್ಪಣಿ ತಲೆಸಾಲಿನ ವೇಷದಲ್ಲಿ ನಿಂತಿತ್ತು. ನಮ್ಮ ಸ್ಕ್ರಿಪ್ಟ್ ಅದನ್ನು ಗುಡಿಸಿ ಆಚೆ ಹಾಕಿತ್ತು. ಕೆಳಗಿನ (14, 0.6) ಉಳಿದಿತ್ತು, ಆದರೆ ಅದರಲ್ಲಿ ‘ಚೀಲ’ ಎಂಬ ಪದವಿಲ್ಲ. "ಏಳು ಸುತ್ತಿಗೂ ಕಾವಲು ಹಾಕಿ ಕಿಂಡಿ ಬಿಟ್ಟಿದ್ದೆವಲ್ಲ ಅಕ್ಕ" ಎಂದ ಕಿರಿಯ. ಅವನು ಚಿತ್ರದುರ್ಗದವನು, ಅವನಿಗೆ ಎಲ್ಲದಕ್ಕೂ ಓಬವ್ವನ ಕಿಂಡಿಯೇ ಉಪಮೆ.

ಇದನ್ನು ಪತ್ತೆ ಮಾಡಲು ಕಣ್ಣೇ ಬೇಕೆಂದಿಲ್ಲ. ಹಂಕ್‌ನ ತಲೆಸಾಲು ಹಳೆಯದರಲ್ಲಿ 8 ಸಾಲು ಎನ್ನುತ್ತದೆ. ಖಾಲಿ ಜಾಗದಿಂದ ಆರಂಭವಾಗುವವು 6, ಕಳೆಯುವ ಚಿಹ್ನೆಯವು 2, ಒಟ್ಟು 8 ಬರಬೇಕು. ನಮ್ಮ ಸ್ಕ್ರಿಪ್ಟ್ ಗುಡಿಸಿದ ಮೇಲೆ ಎಣಿಸಿದರೆ 7. ಎಣಿಕೆ ತಪ್ಪಿದರೆ ನಡುವೆ ಯಾರೋ ಸಾಲು ತಿಂದಿದ್ದಾರೆ. ಸೇರಿಸಿದ ಸಾಲುಗಳಲ್ಲೂ ಇದೇ ಅಪಾಯವಿದೆ. ಸಿ ಭಾಷೆಯಲ್ಲಿ ಸಾಲಿನ ಮೊದಲಿಗೇ ಎರಡು ಕೂಡುವ ಚಿಹ್ನೆ ಬಂದರೆ ಪ್ಯಾಚಿನಲ್ಲಿ ಅದು ಮೂರಾಗುತ್ತದೆ. ಎಸ್‌ಕ್ಯೂಎಲ್‌ನಷ್ಟೇ ಲುವಾ, ಹ್ಯಾಸ್ಕೆಲ್‌ನವರೂ ಎಚ್ಚರವಿರಬೇಕು, ಅವರ ಟಿಪ್ಪಣಿಗಳೂ ಎರಡು ಗೀಟಿನವೇ.

ಎಣಿಕೆ ನೋಡಿ ಓದುವ ಗ್ರೆಪ್‌ಡಿಫ್ ಇಲ್ಲಿ ಮೋಸ ಹೋಗುವುದಿಲ್ಲ:

ಗ್ರೆಪ್‌ಡಿಫ್ --ಓನ್ಲಿ-ಮ್ಯಾಚ್=ರೆಮ್ --ಔಟ್‌ಪುಟ್-ಮ್ಯಾಚಿಂಗ್=ಹಂಕ್ 'ಚೀಲ' *.ಪ್ಯಾಚ್

ಮೊದಲ ಆಯ್ಕೆ ತೆಗೆದ ಸಾಲುಗಳನ್ನು ಮಾತ್ರ ನೋಡು ಎನ್ನುತ್ತದೆ. ‘ರೆಮ್’ ಬದಲು ‘ಆ್ಯಡ್’ ಕೊಟ್ಟರೆ ಸೇರಿಸಿದವು, ‘ಮಾಡ್’ ಕೊಟ್ಟರೆ ಎರಡೂ. ಎರಡನೆಯದು ಆ ಹಂಕನ್ನೇ ತೆಗೆದು ತೋರಿಸುತ್ತದೆ. ಅದಿಲ್ಲದಿದ್ದರೆ ಬದಲಾದ ಕಡತದ ಹೆಸರನ್ನಷ್ಟೇ ಹೇಳುತ್ತದೆ. ಒಂದೇ ಒಂದು ಹಂಕ್ ಬಂತು. ಮೊದಲಿನ 47ರ ಗದ್ದಲವೂ ಹೋಯಿತು, ಏಕೆಂದರೆ ಅವು ಬಹುಪಾಲು ಮುಟ್ಟದ ಸಾಲುಗಳು. ಸಿಗದಿರುವುದರಷ್ಟೇ ತೊಂದರೆ ಬೇಡದ್ದು ಹೆಚ್ಚು ಸಿಗುವುದರಿಂದಲೂ ಆಗುತ್ತದೆ. ಅದಕ್ಕೂ ಇದೇ ಆಯ್ಕೆ ಮದ್ದು.

ಪ್ಯಾಚ್ ಬಂದದ್ದು ಚಿತ್ರದುರ್ಗದಿಂದ. ಅಲ್ಲಿಯ ಶೇಂಗಾ ಅಂಗಡಿಯೊಂದರಲ್ಲಿ ಖಾಲಿ ಚೀಲವನ್ನು ತೂಕದ ಯಂತ್ರವೇ ಕಳೆಯುತ್ತದೆ, ಹಾಗಾಗಿ ಹುಡುಗ ನಿಯಮ ತೆಗೆದಿದ್ದ. ತೆಗೆದದ್ದು ಸರಿ, ಪ್ಯಾಚನ್ನು ಆ ಅಂಗಡಿಯ ಫೋಲ್ಡರಿಗೆ ಹಾಕದೆ ಎಲ್ಲರದಕ್ಕೆ ಹಾಕಿದ್ದ. ಸಂದೇಶದಲ್ಲಿ ‘ಸ್ವಲ್ಪ ಸ್ವಚ್ಛತೆ’ ಎಂದು ಬರೆದಿದ್ದ.

ಗಿಟ್ ಇತಿಹಾಸದಲ್ಲೇ ಹುಡುಕುವುದಾದರೆ

ಪ್ಯಾಚ್ ಕಡತಗಳಿಲ್ಲದೆ ಎಲ್ಲವೂ ಗಿಟ್‌ನಲ್ಲಿದ್ದರೆ ‘ಗಿಟ್ ಲಾಗ್’ಗೆ ದೊಡ್ಡ ಎಸ್ ಅಥವಾ ದೊಡ್ಡ ಜಿ ಕೊಟ್ಟು ಹುಡುಕುತ್ತೇವೆ. ಎರಡೂ ಒಂದೇ ಎಂದುಕೊಂಡವರು ಬಹಳ. ದೊಡ್ಡ ಎಸ್ ಕಡತದಲ್ಲಿ ಆ ಪದ ಎಷ್ಟು ಸಲ ಇದೆ ಎಂದು ಮೊದಲೂ ನಂತರವೂ ಎಣಿಸುತ್ತದೆ, ಎಣಿಕೆ ಬದಲಾದರೆ ಮಾತ್ರ ಹೇಳುತ್ತದೆ. ದೊಡ್ಡ ಜಿ ಸೇರಿಸಿದ ಅಥವಾ ತೆಗೆದ ಸಾಲಿನಲ್ಲಿ ಪದವಿದ್ದರೆ ಸಾಕು, ಹೇಳುತ್ತದೆ.

ನಮ್ಮಲ್ಲಿ ತಾಲ್ಲೂಕುಗಳ ಪಟ್ಟಿಯ ಕಡತವೊಂದಿದೆ. ದಾವಣಗೆರೆ ಜಿಲ್ಲೆ 1997ರಲ್ಲಿ ಆದಾಗ ಹರಪನಹಳ್ಳಿ ಇದರೊಳಗಿತ್ತು. 2018ರಲ್ಲಿ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಪ್ರತಿ ಸಲವೂ ಯಾರೋ ಆ ಹೆಸರಿನ ಸಾಲನ್ನು ಅದೇ ಕಡತದಲ್ಲಿ ಒಂದು ಶೀರ್ಷಿಕೆಯ ಕೆಳಗಿಂದ ಇನ್ನೊಂದರ ಕೆಳಗೆ ಸರಿಸಿದರು. ಹೆಸರು ಮೊದಲೂ ಒಂದು ಸಲ, ಆಮೇಲೂ ಒಂದು ಸಲ. ದೊಡ್ಡ ಎಸ್‌ಗೆ ಏನೂ ಆಗಿಯೇ ಇಲ್ಲ. ದೊಡ್ಡ ಜಿಗೆ ಮಾತ್ರ ಆ ಸ್ಥಳಾಂತರಗಳು ಸಿಗುತ್ತವೆ. ಒಂದು ಸಾಲು ಮೊದಲು ಯಾವಾಗ ಹುಟ್ಟಿತು, ಯಾವಾಗ ಸತ್ತಿತು ಎಂದು ತಿಳಿಯಲು ಎಸ್ ಒಳ್ಳೆಯದು. ನಡುವೆ ಎಲ್ಲೆಲ್ಲಿ ತಿರುಗಿತು ಎನ್ನಲು ಜಿ. ಜೊತೆಗೆ, ಎರಡು ಶಾಖೆಗಳನ್ನು ಸೇರಿಸುವ ಮರ್ಜ್ ಕಮಿಟ್‌ನ ಒಳಗೆ ಕೈಯಿಂದ ತಿದ್ದಿದ್ದರೆ ಗಿಟ್ ಲಾಗ್ ಅದನ್ನು ಸುಮ್ಮನೆ ನೋಡುವುದಿಲ್ಲ, ಚಿಕ್ಕ ‘-ಎಂ’ ಕೊಡಬೇಕು. ನೀವು ನಿಂತ ಶಾಖೆಯನ್ನು ಬಿಟ್ಟು ಉಳಿದವನ್ನೂ ನೋಡಲು ‘--ಆಲ್’.

ಅಂದು ಸಂಜೆಗೆ ಪ್ಯಾಚನ್ನು ಅದರ ಫೋಲ್ಡರಿಗೆ ಕಳಿಸಿ, ದಾವಣಗೆರೆಯ ಪಟ್ಟಿಗಳನ್ನು ಮತ್ತೆ ಮುದ್ರಿಸಿಕೊಟ್ಟೆವು. ಸ್ಕ್ರಿಪ್ಟಿನ ಮೊದಲ ಹಂತ ಕಿತ್ತು ಗ್ರೆಪ್‌ಡಿಫ್ ಇಟ್ಟೆ. ದೋಷ ಸಂದೇಶಗಳನ್ನು ಕಸಕ್ಕೆ ಕಳಿಸುವುದನ್ನು ನಿಲ್ಲಿಸಿದೆ. ಆ ಸ್ಕ್ರಿಪ್ಟ್ ಎರಡು ವರ್ಷದಿಂದ ಓಡುತ್ತಿತ್ತು. ‘ಪ್ಯಾಚಿನಲ್ಲಿ ಇಲ್ಲ’ ಎಂದು ಷರಾ ಬರೆದು ಮುಚ್ಚಿದ ದೂರುಗಳು ನೋಂದಣಿ ಪುಸ್ತಕದಲ್ಲಿ ಒಂಬತ್ತು ಇದ್ದವು. ಒಂಬತ್ತನ್ನೂ ಹೊಸದಾಗಿ ಓಡಿಸಿದೆ. ಎರಡು ಸಿಕ್ಕವು. ಒಂದು ಹಮಾಲಿಯ ಲೆಕ್ಕದ್ದು, ಅದರ ಅಂಗಡಿಯವರಿಗೆ ಮರುದಿನ ನಾನೇ ಫೋನ್ ಮಾಡಿದೆ.